ಮೂವತ್ತೊಂದು ಚೀಲಗಳ ದಿನ

“ಇದು ಯಾವ ನ್ಯಾಯದಲ್ಲಿ ‘ಓ’ ಆಗತ್ತೆ?”

ಭೂತಗನ್ನಡಿ ಸಾರ್ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದ ಗಾಜಿನ ನಳಿಕೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಲಿಸಿ, ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಆದರೂ ರಕ್ತನಿಧಿಯ ಆ ಉದ್ದನೆಯ ಕೋಣೆಯಲ್ಲಿ ಎಲ್ಲರ ಕೈಯೂ ನಿಂತಿತು. ಈ ಮನುಷ್ಯ ಕಾರಣವಿಲ್ಲದೆ ಬಾಯಿ ಬಿಡುವವರಲ್ಲ. ಯಾವುದನ್ನೇ ಆಗಲಿ ಎರಡೆರಡು ಸಲ ನೋಡುವ ಅವರಿಗೆ ಆ ಹೆಸರಿಟ್ಟವರು ಯಾವ ಕಾಲದ ವಿದ್ಯಾರ್ಥಿಗಳೋ ಏನೋ. ಟೀ ಕೊಟ್ಟರೂ ಬೆಳಕಿಗೆ ಹಿಡಿದು ಹೆಪ್ಪುಗಟ್ಟಿದೆಯಾ ಎಂದು ನೋಡಿ ಆಮೇಲೆ ಕುಡಿಯುತ್ತಾರೆ ಎಂಬ ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಹೊಸ ತಂಡಕ್ಕೆ ದಾಟುತ್ತಿತ್ತು.

ನಳಿಕೆಯಲ್ಲಿದ್ದದ್ದು ಮೇಲಿನ ಮಹಡಿಯಲ್ಲಿ ಆಪರೇಷನ್ ಆಗುತ್ತಿದ್ದ ಹೆಂಗಸಿನ ಸೀರಮ್ಮು, ಅಂದರೆ ರಕ್ತದ ಮೇಲುನೀರು, ಮತ್ತು ಅವಳಿಗೆ ಹಾಕಲೆಂದು ತೆಗೆದಿಟ್ಟ, ‘ಓ’ ಎಂಬ ಚೀಟಿಯಿದ್ದ ಚೀಲದ ಒಂದು ಹನಿ ರಕ್ತ. ಒಂದಕ್ಕೊಂದು ಹೊಂದಿದರೆ ಕೆಂಪು ಹೊಗೆಯಂತೆ ನುಣ್ಣಗೆ ಎದ್ದು ಬೆರೆಯಬೇಕು. ಇಲ್ಲಿ ತಳದಲ್ಲಿ ಸಣ್ಣ ಮರಳಿನಂಥ ಕಾಳುಗಳು ಕೂತಿದ್ದವು.

ಫೋನು ಹೊಡೆದುಕೊಂಡಿತು. “ಮೇಡಂ, ಕಾಯ್ರಿ,” ಎಂದರು ಭೂತಗನ್ನಡಿ ಸಾರ್ ಆ ಕಡೆಯ ನರ್ಸಿಗೆ. “ಗೊತ್ತು, ಹೊಟ್ಟೆ ತೆರೆದಿದೆ, ಡಾಕ್ಟ್ರು ಕೂಗಾಡ್ತಿದಾರೆ. ಕೂಗಾಡ್ಲಿ. ಈ ಚೀಲ ಮೇಲಕ್ಕೆ ಬಂದ್ರೆ ಕೂಗೋದಕ್ಕೂ ಏನೂ ಉಳಿಯಲ್ಲ. ಬೇರೆ ಚೀಲ ನೋಡ್ತಿದೀನಿ.”

ನಲವತ್ತು ನಿಮಿಷವಾಯಿತು. ಬೇರೆ ಚೀಲ ಹೊಂದಿತು, ಮೇಲೆ ಹೋಯಿತು, ಆ ಹೆಂಗಸು ಉಳಿದಳು. ಆಮೇಲೆ ಅವರು ರಿಜಿಸ್ಟರು ತೆಗೆದರು. ಹದಿನೈದು ದಿನದ ಹಿಂದಿನ ಪುಟ. ರಕ್ತದಾನದ ಶಿಬಿರದಿಂದ ಬಂದ ಮೂವತ್ತೊಂದು ಚೀಲ. ಹೊಂದದೆ ಹೋದ ಚೀಲದ್ದು ಹನ್ನೆರಡನೆಯ ಸಾಲು; ಅದರ ಮೇಲೆ ಬೆರಳಿಟ್ಟು, ‘ಮಾಡಿದವರು’ ಎಂಬ ಕಡೆಗೆ ಸರಿಸಿದರು. ಬೆರಳು ಅಲ್ಲಿಯೇ ನಿಂತಿತು. ಕನ್ನಡಕದ ಮೇಲಿಂದ ಕಣ್ಣೆತ್ತಿ ಕೋಣೆಯ ಆ ಕೊನೆಯಲ್ಲಿ ನಳಿಕೆಗಳಿಗೆ ನಂಬರು ಬರೆಯುತ್ತಿದ್ದ ಹುಡುಗಿಯನ್ನು ನೋಡಿದರು.

“ಎಡಚಿ, ಬಾಮ್ಮ ಇಲ್ಲಿ.”

ಅವಳು ಬಂದಳು. ಎಡಗೈಯಲ್ಲಿ ಬರೆಯುವವಳಾದ್ದರಿಂದ ಮನೆಯಲ್ಲೂ ಕಾಲೇಜಿನಲ್ಲೂ ಅದೇ ಹೆಸರು. ಪುಟದ ಬಲತುದಿಯಲ್ಲಿ ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಮೂವತ್ತೊಂದು ಇನಿಶಿಯಲ್ಲು, ಎಲ್ಲವೂ ಎಡಕ್ಕೆ ವಾಲಿದವು, ಎಲ್ಲವೂ ಅವಳವೇ. ಆ ಮೂವತ್ತೊಂದರಲ್ಲಿ ಒಂದನ್ನೂ ಅವಳು ಮಾಡಿರಲಿಲ್ಲ.

*

ಮಾಡಿದ್ದು ಅತ್ತಿಗೆ.

ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದಾಗ ಎಡಚಿ ಒಂಬತ್ತನೆಯ ತರಗತಿ. ಬಸ್ಸು ಓಡಿಸುವ ಅಣ್ಣ, ಪದ್ಯಗಳನ್ನು ಎತ್ತರದ ದನಿಯಲ್ಲಿ ಓದುತ್ತಿದ್ದ ಅಪ್ಪ, ಆ ಓದಿಗೆ ತಲೆದೂಗುತ್ತ ಬಟ್ಟೆ ಹೊಲಿಯುವ ಅಮ್ಮ, ಇಷ್ಟೇ ಇದ್ದ ಮನೆ. ಅಲ್ಲಿಗೆ ಬಂದ ಈ ಹೆಂಗಸು ಮೊದಲ ರಜೆಯ ದಿನವೇ ನಾದಿನಿಯನ್ನು ತಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿಗೆ ಕರೆದುಕೊಂಡು ಹೋಗಿ, ಬೆರಳು ಚುಚ್ಚಿ, ಒಂದು ಹನಿಯನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು “ನೋಡು, ಇದು ನೀನು” ಎಂದಿದ್ದಳು. ಗುಲಾಬಿ ಬಣ್ಣದ ಸಾವಿರ ಸಾವಿರ ಬಿಲ್ಲೆಗಳು, ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಕಣ್ಣು. ಹುಡುಗಿ ಅರ್ಧ ಗಂಟೆ ತಲೆ ಎತ್ತಿರಲಿಲ್ಲ.

ಪಿಯುಸಿ ಮುಗಿದ ಮೇಲೆ ಲ್ಯಾಬಿನ ಡಿಗ್ರಿ ಓದುತ್ತೇನೆ ಎಂದಾಗ ಅಮ್ಮ ಮೂಗು ಮುರಿದಳು. “ಕಂಡೋರ ರಕ್ತ, ಕಂಡೋರ ಹೇಲು ಉಚ್ಚೆ ಮುಟ್ಟೋ ಕೆಲಸಕ್ಕೆ ನಾಲ್ಕು ವರ್ಷ ಓದ್ಬೇಕಾ?”

ಅತ್ತಿಗೆ ನಗುತ್ತಲೇ ಹೇಳಿದ್ದಳು: “ಅತ್ತೆ, ಡಾಕ್ಟ್ರು ಬಾಯಲ್ಲಿ ಹೇಳೋದೆಲ್ಲ ನಾವು ಕಣ್ಣಲ್ಲಿ ನೋಡಿ ಹೇಳ್ಕೊಟ್ಟಿದ್ದೇ. ಅವರು ದೊಡ್ಡ ಗಂಟಲು, ನಾವು ಕಣ್ಣು. ಇವಳಿಗೆ ಕಣ್ಣಿದೆ. ನನ್ನ ಜವಾಬ್ದಾರಿ, ಕಳಿಸಿ.”

ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅತ್ತಿಗೆಯ ಮಾತೇ ಕೊನೆಯ ಮಾತು. ಮೂರೂವರೆ ವರ್ಷ ತರಗತಿ ಮುಗಿದು, ಕೊನೆಯ ಆರು ತಿಂಗಳ ತರಬೇತಿಗೆ ಎಡಚಿ ಅತ್ತಿಗೆ ಇದ್ದ ಆಸ್ಪತ್ರೆಗೇ ಬಂದಳು. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಇಬ್ಬರೂ ಬರುವುದು, ಬಸ್ಸಿನಲ್ಲಿ ‘ಅತ್ತಿಗೆ’, ಲ್ಯಾಬಿನ ಬಾಗಿಲು ದಾಟಿದರೆ ‘ಮೇಡಂ’. ಮೊದಲ ದಿನವೇ ಅತ್ತಿಗೆ ಪಾಠ ಮಾಡಿದಳು. ರಕ್ತದ ಗುಂಪನ್ನು ಎರಡು ಕಡೆಯಿಂದ ನೋಡಬೇಕು. ಮೊದಲು ಕಣಗಳನ್ನು ತೆಗೆದುಕೊಂಡು, ಗೊತ್ತಿರುವ ಸೀರಮ್ಮಿಗೆ ಬೆರೆಸಿ ನೋಡುವುದು. ಆಮೇಲೆ ಅದೇ ರಕ್ತದ ಮೇಲುನೀರನ್ನು ತೆಗೆದುಕೊಂಡು, ಗೊತ್ತಿರುವ ಕಣಗಳಿಗೆ ಬೆರೆಸಿ ನೋಡುವುದು. ಇದಕ್ಕೆ ರಿವರ್ಸ್ ಎನ್ನುತ್ತಾರೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಬರೆಯಬೇಕು.

“ಕೆಲವರ ‘ಎ’ ಎಷ್ಟು ಮೆತ್ತಗಿರತ್ತೆ ಅಂದ್ರೆ, ನಳಿಕೆನ ಒಂಚೂರು ಜೋರಾಗಿ ಅಲ್ಲಾಡಿಸಿದ್ರೆ ಸಾಕು, ಕಾಳೆಲ್ಲ ಕರಗಿಹೋಗಿ ‘ಓ’ ಥರ ಕಾಣತ್ತೆ,” ಎಂದಿದ್ದಳು ಅತ್ತಿಗೆ. “ಆವಾಗ ನಿನ್ನ ಕಾಪಾಡೋದು ರಿವರ್ಸ್ ಒಂದೇ.”

ತರಬೇತಿ ಮುಗಿಯುವುದರೊಳಗೆ ಸ್ವಂತ ಕೈಯಿಂದ ಇನ್ನೂರು ಗುಂಪು ನೋಡಿ ಲಾಗ್‌ಬುಕ್ಕಿಗೆ ಏರಿಸಬೇಕೆಂಬುದು ನಿಯಮ. ಎಡಚಿ ಜ್ವರ ಬಂದು ಎರಡು ವಾರ ಮಲಗಿದ್ದಳು. ಆ ಶಿಬಿರದ ದಿನ ಅವಳಿಗೆ ಇನ್ನೂ ಮೂವತ್ತನಾಲ್ಕು ಕಮ್ಮಿ ಇತ್ತು, ಉಳಿದದ್ದು ಮೂರೇ ವಾರ.

ಅತ್ತಿಗೆಗೂ ಅವತ್ತು ಮೈಮೇಲೆ ಪ್ರಜ್ಞೆ ಇರಲಿಲ್ಲ. ಮುಖ್ಯ ತಂತ್ರಜ್ಞೆಯ ಹುದ್ದೆಗೆ ಮೂರು ಗಂಟೆಗೆ ಸಂದರ್ಶನ. ಎಡಚಿ ಪಕ್ಕದ ತಣ್ಣನೆಯ ಕೋಣೆಯಲ್ಲಿ ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಈಚೆಯಿಂದ ನಳಿಕೆಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜಿನ ಗುಂಯ್‌ಗುಟ್ಟುವಿಕೆ ಒಂದು ಸಲ ಕೇಳಿತು, ನಿಂತಿತು. ರಿವರ್ಸಿಗೆಂದು ಎರಡನೆಯ ಸಲ ಕೇಳಬೇಕಿತ್ತು, ಕೇಳಲಿಲ್ಲ. ಎರಡೂವರೆಗೆ ಅತ್ತಿಗೆ ಕರೆದಳು.

“ಎಡಚಿ, ನಿಂಗೆಷ್ಟು ಕಮ್ಮಿ?”

“ಮೂವತ್ನಾಲ್ಕು, ಮೇಡಂ.”

“ಇಲ್ಲಿ ಮೂವತ್ತೊಂದಿದೆ. ನಿನ್ನ ಇನಿಶಿಯಲ್ ಹಾಕ್ಕೋ.”

“ನಾನು ಮಾಡಿಲ್ವಲ್ಲ ಅತ್ತಿಗೆ…” ಬಾಯಿ ತಪ್ಪಿ ಅತ್ತಿಗೆ ಎಂದೇ ಬಂದಿತ್ತು.

“ನೂರಅರವತ್ತಾರು ಮಾಡಿದೋಳಿಗೆ ಇನ್ನು ಮೂವತ್ತು ಬರಲ್ವೇನೇ? ಎಲ್ರೂ ಹೀಗೇ ಮಾಡೋದು, ನಾನೂ ಹೀಗೇ ಪಾಸಾಗಿದ್ದು. ಹಾಕು ಹಾಕು, ನಂಗೆ ಸೀರೆ ಬೇರೆ ಸರಿಮಾಡ್ಕೋಬೇಕು.”

ಹಾಕಿದಳು. ಪುಟದಲ್ಲಿ ರಿವರ್ಸಿನ ಕಾಲಮ್ಮೂ ತುಂಬಿತ್ತು. ಕೂಡುಚಿಹ್ನೆ, ಸೊನ್ನೆ, ಕೂಡುಚಿಹ್ನೆ, ಸೊನ್ನೆ. ಒಂದೂ ಖಾಲಿ ಇರಲಿಲ್ಲ. ಮರುದಿನ ಬೆಳಿಗ್ಗೆ ಫ್ರಿಜ್ಜು ತೆಗೆದರೆ ರಿವರ್ಸಿಗೆಂದು ಬಂದಿದ್ದ ಹೊಸ ಕಣಗಳ ಬಾಟಲಿಯ ಅಲ್ಯೂಮಿನಿಯಂ ಉಂಗುರ ಹಾಗೇ ಇತ್ತು, ಯಾರೂ ಕಿತ್ತಿರಲಿಲ್ಲ. ಹಳೆಯದರಲ್ಲಿ ಉಳಿದಿತ್ತೇನೋ ಎಂದು ಅವಳು ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಚಿಕ್ಕಂದಿನಲ್ಲಿ ಅಪ್ಪ ಸುಸ್ತಾದ ದಿನ ಓದುವಾಗ ನಡುವೆ ಒಂದು ಪದ್ಯ ಹಾರಿಸಿಬಿಟ್ಟರೆ, ನಿದ್ದೆಗಣ್ಣಿನಲ್ಲೂ “ಅಪ್ಪ, ಒಂದು ಬಿಟ್ರಿ” ಎನ್ನುತ್ತಿದ್ದ ಹುಡುಗಿ ಅವಳು. ಅಪ್ಪ ನಕ್ಕು ಹಿಂದಕ್ಕೆ ಹೋಗಿ ಮೊದಲಿನಿಂದ ಓದುತ್ತಿದ್ದ. ಈಗ ಅವಳು ಬಾಯಿ ಬಿಡಲಿಲ್ಲ. ಲಾಗ್‌ಬುಕ್ಕಿನಲ್ಲಿ ನೂರ ತೊಂಬತ್ತೇಳು ಎಂದು ಬರೆದಾಗಿತ್ತು.

*

ಆ ಮೂವತ್ತೊಂದರಲ್ಲಿ ಉಳಿದಿದ್ದ ಚೀಲಗಳನ್ನೂ ಖರ್ಚಾದವುಗಳಿಂದ ತೆಗೆದಿಟ್ಟುಕೊಂಡಿದ್ದ ನಮೂನೆಗಳನ್ನೂ ಅದೇ ಮಧ್ಯಾಹ್ನ ಭೂತಗನ್ನಡಿ ಸಾರ್ ಒಬ್ಬರೇ ಕೂತು ಮತ್ತೆ ನೋಡಿದರು. ಹನ್ನೆರಡನೆಯದೊಂದೇ ತಪ್ಪಿದ್ದು. ಅದು ‘ಓ’ ಅಲ್ಲ, ಮೆತ್ತನೆಯ ‘ಎ’.

ರಕ್ತನಿಧಿಯ ಡಾಕ್ಟರು ಮೊದಲು ಅತ್ತಿಗೆಯನ್ನು ಒಳಗೆ ಕರೆಸಿಕೊಂಡರು. ಎಡಚಿ ಹೊರಗೆ ಮರದ ಬೆಂಚಿನ ಮೇಲೆ ಕೂತಳು. ಹೆದರಿಕೆಯೇನೋ ಇತ್ತು, ಆದರೆ ಅದರ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು: ಒಳಗೆ ಹೋಗಿರುವುದು ಅತ್ತಿಗೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಾಳೆ. ಮಾಡದ್ದಕ್ಕೆ ಇನಿಶಿಯಲ್ ಹಾಕಿದ್ದಕ್ಕೆ ತನಗೂ ಬೈಗುಳ ಬೀಳುತ್ತದೆ, ಬೀಳಲಿ. ಇಬ್ಬರೂ ಒಟ್ಟಿಗೆ ಬೈಸಿಕೊಂಡು ಬಸ್ಸು ಹತ್ತುವುದು.

ಇಪ್ಪತ್ತು ನಿಮಿಷದ ಮೇಲೆ ಅತ್ತಿಗೆ ಹೊರಗೆ ಬಂದು ಅವಳ ಹೆಗಲು ಹಿಸುಕಿದಳು. “ಹೆದರ್ಕೋಬೇಡ. ನಾನಿದೀನಿ.” ಅಷ್ಟು ಹೇಳಿ ನಿಲ್ಲದೆ ನಡೆದಳು.

ಡಾಕ್ಟರು ಎಡಚಿಗೆ ಕೂರಲು ಹೇಳಲಿಲ್ಲ. ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಎತ್ತಿ, ಗಂಟಲು ಸರಿಮಾಡಿಕೊಂಡು ಓದಿದರು. ಅತ್ತಿಗೆಯ ಅಕ್ಷರ ಹಾಳೆಯ ಹಿಂದಿನಿಂದಲೂ ಗುರುತು ಸಿಗುವಂಥದ್ದು. “…ಸದರಿ ದಿನ ಗುಂಪು ಪರೀಕ್ಷೆಯನ್ನು ವಿದ್ಯಾರ್ಥಿನಿಯೇ ಮಾಡಿರುತ್ತಾಳೆ. ಎರಡೂ ಪರೀಕ್ಷೆ ಮಾಡಿದ್ದೀಯಾ ಎಂದು ನಾನು ವಿಚಾರಿಸಿದಾಗ ಮಾಡಿದ್ದೇನೆಂದು ಹೇಳಿದ್ದನ್ನು ನಂಬಿ ಪರಿಶೀಲಿಸಿದವರ ಜಾಗದಲ್ಲಿ ಸಹಿ ಮಾಡಿರುತ್ತೇನೆ. ಬಂಧುವಾದ್ದರಿಂದ ಹೆಚ್ಚು ನಂಬಿದ್ದೇ ನನ್ನ ತಪ್ಪು.”

ಹುಡುಗಿ ಕಿವಿಗೊಟ್ಟು ಕೇಳಿದಳು. ಎಲ್ಲಿಯೋ ಒಂದು ಸಾಲು ಬಿಟ್ಟುಹೋಗಿರಬೇಕು, ಅದು ಈಗ ಬರುತ್ತದೆ ಎಂಬಂತೆ ಕಾದಳು. ಡಾಕ್ಟರು ಹಾಳೆ ಕೆಳಗಿಟ್ಟರು.

“ಹೌದೋ ಅಲ್ವೋ?”

ಅವಳಿಗೆ ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ.

“ನಾಡಿದ್ದು ಹತ್ತು ಗಂಟೆಗೆ ಸಮಿತಿ ಕೂರತ್ತೆ. ಬರವಣಿಗೇಲಿ ತಗೊಂಡ್ಬಾ,” ಎಂದರು ಡಾಕ್ಟರು. ಕೆಟ್ಟ ಮನುಷ್ಯರಲ್ಲ, ದನಿ ಇಳಿಸಿದರು. “ಒಪ್ಕೊಂಡ್ರೆ ಆರು ತಿಂಗಳು ತರಬೇತಿ ಮತ್ತೆ ಮಾಡು, ಮುಗೀತು. ಒಪ್ಕೊಳ್ದೆ ಜಗ್ಗಾಡಿದ್ರೆ ಯೂನಿವರ್ಸಿಟಿಗೆ ಹೋಗತ್ತೆ. ಆಮೇಲೆ ಡಿಗ್ರಿನೇ ಕೈಗೆ ಸಿಗತ್ತೋ ಇಲ್ವೋ. ಯೋಚನೆ ಮಾಡು.”

ಹೊರಗೆ ಕಾರಿಡಾರಿನ ತಿರುವಿನಲ್ಲಿ ಭೂತಗನ್ನಡಿ ಸಾರ್ ನಿಂತಿದ್ದರು, ಕೈಯಲ್ಲಿ ಟೀ ಲೋಟ.

“ನಿನ್ನ ಸೊನ್ನೆ ಯಾವ ಕಡೆ ಸುತ್ತತ್ತೆ ಗೊತ್ತಾ ನಿಂಗೆ?” ಎಂದರು ಪೀಠಿಕೆಯಿಲ್ಲದೆ. “ಗಡಿಯಾರದ ಮುಳ್ಳಿನ ಹಾಗೆ. ಎಡಚರದ್ದೆಲ್ಲ ಸಾಧಾರಣ ಹಾಗೇ. ಆ ಪುಟದಲ್ಲಿರೋ ಸೊನ್ನೆ ಒಂದೂ ಹಾಗೆ ಸುತ್ತಿಲ್ಲ.”

ಅವಳು ತಲೆ ತಗ್ಗಿಸಿದಳು.

“ಇನಿಶಿಯಲ್ ಮಾತ್ರ ನಿಂದು. ಯಾಕೆ ಹಾಕ್ದೆ?”

“ಲಾಗ್‌ಬುಕ್ಕಿಗೆ ಕಮ್ಮಿ ಇತ್ತು, ಸಾರ್.”

“ಹೂಂ.” ಟೀಯನ್ನು ಬೆಳಕಿಗೆ ಹಿಡಿದು ನೋಡಿದರು, ಕುಡಿಯಲಿಲ್ಲ. “ಅದು ನಿನ್ನ ತಪ್ಪು. ಸಣ್ಣದಲ್ಲ. ಆದ್ರೆ ನಿನ್ನ ತಪ್ಪು ಅಷ್ಟೇ. ನೀನು ಬಾಯಿ ಬಿಟ್ರೆ ಹಿಂದೆ ನಾನೂ ಬಿಡ್ತೀನಿ. ನೀನೇ ಸುಮ್ನಿದ್ರೆ, ಈ ಮುದುಕನ ಸೊನ್ನೆ ಶಾಸ್ತ್ರ ಯಾರು ಕೇಳ್ತಾರೆ? ಕಣ್ಣು ಮಂಜಾಗಿದೆ, ರಿಟೈರಾಗು ಅಂತಾರೆ.”

*

ಸಂಜೆ ಅವಳು ಒಬ್ಬಳೇ ಬೇರೆ ಬಸ್ಸಿನಲ್ಲಿ ಮನೆಗೆ ಬಂದಳು. ಸುದ್ದಿ ಅವಳಿಗಿಂತ ಮುಂಚೆ ಬಂದು ಚಾಪೆ ಹಾಸಿಕೊಂಡು ಕೂತಿತ್ತು. ಅಮ್ಮ ಹೊಲಿಗೆ ಯಂತ್ರದ ಗಾಲಿಯನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು.

“ಬಾ ತಾಯಿ. ಒಬ್ಬಳ ಪ್ರಾಣ ತೆಗೀತಿದ್ಯಂತಲ್ಲ?”

“ಅಮ್ಮ…”

“ತಪ್ಪು ಆಯ್ತು, ಆಗ್ಲಿ. ಮನುಷ್ಯರು. ಆದ್ರೆ ಮಾಡದೇ ಇರೋದನ್ನ ಮಾಡಿದೀನಿ ಅಂತ ಇವಳ ಮುಖ ನೋಡಿ ಸುಳ್ಳು ಹೇಳಿದ್ಯಲ್ಲ, ಅದನ್ನ ಎಲ್ಲಿ ಕಲಿತೆ? ಈ ಮನೇಲಿ ಯಾರು ಕಲಿಸಿದ್ರು ನಿಂಗೆ ಸುಳ್ಳು? ನಿಮ್ಮಪ್ಪ ಒಂದು ಅಕ್ಷರ ತಪ್ಪಿ ಓದಿದ್ರೆ ಕೆನ್ನೆ ಕೆನ್ನೆ ಬಡ್ಕೋತಿದ್ರು.”

ಅಣ್ಣ ಡ್ಯೂಟಿಯ ಬಟ್ಟೆಯಲ್ಲೇ ಗೋಡೆಗೊರಗಿ ನಿಂತಿದ್ದ. “ಅವಳ ಪ್ರಮೋಷನ್ ಆರ್ಡರ್ ಈ ತಿಂಗಳು ಬರೋದಿತ್ತು ಕಣೇ,” ಎಂದ. “ಹನ್ನೊಂದು ವರ್ಷದ ಸರ್ವೀಸು. ನಿನ್ನ ಕೈ ಹಿಡಿದು ಕರ್ಕೊಂಡು ಹೋಗಿದ್ದಕ್ಕೆ ಒಳ್ಳೇ ಬಹುಮಾನ ಕೊಟ್ಟೆ.”

ಎಡಚಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಮೇಜಿನ ಮೇಲೆ ಬಿಳಿಕೋಟು ಹರಡಿ ಇಸ್ತ್ರಿ ಹಾಕುತ್ತಿದ್ದಳು. ಕಾಲರಿನ ಮೂಲೆಯನ್ನು ಬೆರಳಿನಿಂದ ಹಿಡಿದೆಳೆದು, ಇಸ್ತ್ರಿಪೆಟ್ಟಿಗೆಯ ಮೂತಿಯಿಂದ ಒತ್ತಿದಳು. ಈಗ ಹೇಳುತ್ತಾಳೆ ಎಂದುಕೊಂಡಳು ಹುಡುಗಿ. ಆಸ್ಪತ್ರೆಯಲ್ಲಿ ಹೇಳಲಿಕ್ಕೆ ಆಗಿರಲಿಕ್ಕಿಲ್ಲ. ಅಲ್ಲಿ ಕೆಲಸ, ಹುದ್ದೆ, ಮರ್ಯಾದೆ. ಇಲ್ಲಿ ನಾಲ್ಕು ಗೋಡೆಯ ನಡುವೆ ನಾವು ನಾವೇ. ಈಗ ಪೆಟ್ಟಿಗೆ ಎತ್ತಿಟ್ಟು ಹೇಳುತ್ತಾಳೆ.

ಅತ್ತಿಗೆ ಪೆಟ್ಟಿಗೆ ಎತ್ತಿಟ್ಟಳು.

“ಬಿಡಿ ಅತ್ತೆ,” ಎಂದಳು ಮೆಲ್ಲಗೆ. “ಚಿಕ್ಕವಳು. ಹೆದರ್ಕೊಂಡು ಹೇಳಿರ್ತಾಳೆ. ನಂಗೇನೂ ಬೇಜಾರಿಲ್ಲ.”

“ನೋಡು!” ಎಂದಳು ಅಮ್ಮ, ಕಣ್ಣು ತುಂಬಿಕೊಂಡು. “ನೋಡು ಇವಳ ಗುಣ!”

ಹುಡುಗಿ ಒಳಗೆ ಹೋಗಿ ಬಚ್ಚಲ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು. ಲ್ಯಾಬಿನಲ್ಲಿ ಕಲಿಸಿದ ಕ್ರಮದಲ್ಲೇ ತೊಳೆದಳು: ಅಂಗೈ, ಹಿಂಗೈ, ಬೆರಳ ಸಂದು, ಉಗುರು, ಮಣಿಕಟ್ಟು. ಮುಗಿದ ಮೇಲೆ ಮತ್ತೆ ಅಂಗೈಯಿಂದ ಶುರುಮಾಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕ್ಷಮಿಸಿದ್ದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

*

ಸಮಿತಿಯ ದಿನ ಬೆಳಿಗ್ಗೆ ಏಳಕ್ಕೆ ಅವಳು ತಾರಸಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಾಗ ಅತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒಂದು ಹಾಳೆ, ಒಂದು ಪೆನ್ನು. ಎರಡು ದಿನದಿಂದ ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದೂ ಒಬ್ಬರ ನೆರಳು ಒಬ್ಬರಿಗೆ ತಾಗದ ಹಾಗೆ ಓಡಾಡಿದ್ದರು. ಅತ್ತಿಗೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

“ನಿನ್ನ ಪರವಾಗಿ ನಾನೇ ಬರೆದಿದೀನಿ,” ಎಂದಳು. “ಓದಿ ಒಂದು ಸಹಿ ಹಾಕು. ಸಾಕು.”

ಎಡಚಿ ಬಟ್ಟೆಗೆ ಕ್ಲಿಪ್ಪು ಹಾಕಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಹೆದರಿಕೆಯಿಂದ ಸುಳ್ಳು ಹೇಳಿದೆ, ಇನ್ನು ಮುಂದೆ ಹೀಗಾಗುವುದಿಲ್ಲ, ಮೇಲಿನವರದು ಯಾವ ತಪ್ಪೂ ಇಲ್ಲ. ಎಲ್ಲ ಒಪ್ಪವಾಗಿತ್ತು.

“ಯಾಕತ್ತಿಗೆ ಹೀಗ್ಮಾಡಿದ್ರಿ?”

ಅತ್ತಿಗೆ ತಾರಸಿಯ ಮೋಟುಗೋಡೆಗೆ ಒರಗಿದಳು. “ಸಂದರ್ಶನದ ಗಡಿಬಿಡಿಲಿ ರಿವರ್ಸ್ ಬಿಟ್ಟೆ. ಹನ್ನೊಂದು ವರ್ಷದಲ್ಲಿ ಅದೊಂದು ಸಲ. ನಂಬ್ತೀಯೋ ಬಿಡ್ತೀಯೋ.”

“ಅದಲ್ಲ ನಾನು ಕೇಳಿದ್ದು.”

ಅತ್ತಿಗೆ ಪೆನ್ನಿನ ಮುಚ್ಚಳ ತೆಗೆದಳು.

“ಡಾಕ್ಟ್ರು ರಿಜಿಸ್ಟರ್ ತೆಗೆದು ‘ಇದು ಆ ಹುಡುಗಿದಲ್ವಾ’ ಅಂದ್ರು. ನಾನು ಹೂಂ ಅಂದೆ. ಅಷ್ಟೇ. ಒಂದ್ಸಲ ಹೂಂ ಅಂದ್ಮೇಲೆ ಉಳಿದಿದ್ದೆಲ್ಲ ತಾನಾಗೇ ಬಂತು.” ಅತ್ತಿಗೆಯ ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. “ನೋಡು, ನೀನು ವಿದ್ಯಾರ್ಥಿ. ನಿಂಗೆ ಆರು ತಿಂಗಳು ಹೋಗತ್ತೆ. ನಂಗೆ ಕೆಲಸವೇ ಹೋಗತ್ತೆ. ನಿಮ್ಮಣ್ಣನ ಸಂಬಳ ಎಷ್ಟಿದೆ ಅಂತ ನಿಂಗೊತ್ತು. ಆರು ತಿಂಗಳು ಕಣ್ಮುಚ್ಚಿ ತೆಗೆಯೋದ್ರಲ್ಲಿ ಕಳೆದು ಹೋಗತ್ತೆ ಪುಟ್ಟಿ, ನಾನೇ ನಿನ್ನ ಪಕ್ಕ ನಿಂತು ಮಾಡಿಸ್ತೀನಿ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಎಡಚಿ ಎರಡು ದಿನ ಅದನ್ನೇ ತಿರುವಿ ತಿರುವಿ ನೋಡಿದ್ದಳು. ಭೂತಗನ್ನಡಿ ಸಾರ್ ಮಾತೂ ನೆನಪಿನಲ್ಲಿತ್ತು. ಆದರೆ ಸಮಿತಿಯ ಮುಂದೆ ನಿಂತು ಈ ಹೆಂಗಸಿನತ್ತ ಬೆರಳು ತೋರಿಸುವುದನ್ನು ಮನಸ್ಸಿನಲ್ಲಿ ನೆನೆಸಿಕೊಂಡಾಗಲೆಲ್ಲ, ಮೈಕ್ರೋಸ್ಕೋಪಿನ ಪಕ್ಕ ಬಗ್ಗಿ ‘ಇದು ನೀನು’ ಎಂದ ಮುಖವೇ ಎದುರು ಬಂದು ನಿಲ್ಲುತ್ತಿತ್ತು. ಅವಳು ಹಾಳೆಯನ್ನು ಮೋಟುಗೋಡೆಯ ಮೇಲೆ ಹರಡಿದಳು. ಪೆನ್ನನ್ನು ಎಡಗೈಗೆ ತೆಗೆದುಕೊಂಡಳು.

“ಒಂದು ಕೇಳ್ತೀನಿ.”

“ಕೇಳು. ಏನು ಬೇಕಾದ್ರೂ ಕೇಳು.”

“ಅಮ್ಮಂಗೆ ಹೇಳಿ.”

ಅತ್ತಿಗೆ ಮುಖವೆತ್ತಿದಳು.

“ಅಮ್ಮಂಗೊಬ್ಬಳಿಗೇ. ಅಣ್ಣಂಗೂ ಬೇಡ. ಡಾಕ್ಟ್ರ ಹತ್ರ, ಕಾಲೇಜಿನವರ ಹತ್ರ ನಾನೇ ಮಾಡ್ದೆ ಅಂತೀನಿ, ಆರು ತಿಂಗಳಲ್ಲ ಒಂದು ವರ್ಷ ಬೇಕಾದ್ರೂ ಮಾಡ್ತೀನಿ. ಅಮ್ಮ ಮಾತ್ರ ನಾನು ಸುಳ್ಳಿ ಅಂತ ಅಂದ್ಕೊಂಡಿರ್ಬಾರ್ದು. ಎರಡು ದಿನದಿಂದ ನನ್ನ ಮುಖ ನೋಡಿ ಮಾತಾಡಿಲ್ಲ ಅವಳು. ನೀವು ಒಂದು ಮಾತು ಹೇಳಿದ್ರೆ ಸಾಕು.”

ಕೆಳಗಿನಿಂದ ಅಮ್ಮನ ದನಿ ಮೇಲೆ ಬಂತು. “ಸೊಸೇ, ತಿಂಡಿ ಆರ್ತಿದೆ, ಇಳಿದು ಬಾಮ್ಮ!” ಇನ್ನೊಂದು ಹೆಸರನ್ನು ಅವಳು ಕೂಗಲಿಲ್ಲ.

ಅತ್ತಿಗೆ ಆ ದನಿ ಬಂದ ಮೆಟ್ಟಿಲಿನ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು.

“ಅದಾಗಲ್ಲ,” ಎಂದಳು.

“ಒಂದೇ ಮಾತು, ಅತ್ತಿಗೆ.”

“ಆಗಲ್ಲ ಅಂದ್ನಲ್ಲ. ಆಸ್ಪತ್ರೆಲಿ ನಾನು ಏನಾಗಿದ್ರೂ ನಡೆಯತ್ತೆ. ಅತ್ತೆ ಕಣ್ಣಲ್ಲಿ… ಅದೊಂದು ಬಿಟ್ಟು ಬೇರೆ ಕೇಳು.” ಸೆರಗು ಸರಿಮಾಡಿಕೊಂಡು ಹಾಳೆಯ ತುದಿಯನ್ನು ಬೆರಳಿನಿಂದ ತಟ್ಟಿದಳು. “ಹಾಕು, ಹೊತ್ತಾಯ್ತು. ಬಸ್ಸು ತಪ್ಪತ್ತೆ.”

ಗಾಳಿಗೆ ಹಾಳೆಯ ಒಂದು ಮೂಲೆ ಎದ್ದು ಮಡಚಿಕೊಂಡಿತು. ಎಡಚಿ ಅದನ್ನು ಒತ್ತಿ ಹಿಡಿಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು, ಸರಿಯಾಗಿ ಕೂತಿತೇ ಎಂದು ಒಮ್ಮೆ ಒತ್ತಿ ನೋಡಿದಳು, ಹಾಳೆಯ ಪಕ್ಕಕ್ಕಿಟ್ಟಳು.

“ಇಲ್ಲ ಅತ್ತಿಗೆ,” ಎಂದಳು. “ನಾನು ಹಾಕಲ್ಲ.”